ಜೂನ್ ತಿಂಗಳ ತಾಯಿ ಮೂಸ್

ಜೂನ್ ಬಂತೆಂದರೆ ನಮ್ಮ ಲಿಲ್‌ಸೇಲೆ ಊರಿನ ಕಾಡಿಗೆ ಎರಡು ಥರದ ಜನ ಹತ್ತುತ್ತಾರೆ. ಒಂದು, ದಕ್ಷಿಣದಿಂದ, ಸ್ಟಾಕ್‌ಹೋಮ್ ಕಡೆಯಿಂದ ಕಾರು ಹತ್ತಿ ಬಂದವರು. ಅವರಿಗೆ ಮೂಸ್ ಎಂಬ ಈ ದೈತ್ಯ ಕಾಡುಜಿಂಕೆಯ ಬಗ್ಗೆ ಏನೂ ಗೊತ್ತಿರುವುದಿಲ್ಲ. ಹೆದರಿಕೊಂಡೇ ದೂರದಿಂದ ನಾಲ್ಕು ಪಟ ತೆಗೆದು ಇಳಿದು ಹೋಗುತ್ತಾರೆ. ಇನ್ನೊಂದು, ಇಲ್ಲೇ ಹುಟ್ಟಿ ಬೆಳೆದ ನಾವು. ನಮಗೆ ಎಲ್ಲಾ ಗೊತ್ತು. ಹೋದ ಹತ್ತು ವರ್ಷದಲ್ಲಿ ಮೂಸ್ ಕಾಲಿನ ಪೆಟ್ಟು ತಿಂದು ಆಸ್ಪತ್ರೆ ಸೇರಿದ ನಾಲ್ವರೂ ನಮ್ಮೂರಿನವರೇ.

ನನ್ನ ಹೆಸರು ಸಿಗ್ನೆ. ಮೂವತ್ತನಾಲ್ಕು ವರ್ಷ ಈ ಸೀಮೆಯಲ್ಲಿ ಟಪಾಲು ಹಂಚಿದವಳು. ನಮ್ಮ ಹೊಲಿಗೆ ಸಂಘದ ಹೆಂಗಸರು, "ಮೂಸ್ ನೋಡಲು ಬರುವವರಿಗೆ ನಾಲ್ಕು ಮಾತು ನೀನೇ ಬರೆದುಕೊಡು, ಚಾರಣದ ದಾರಿಯ ಗುಡಿಸಲಿನಲ್ಲಿ ನೇತುಹಾಕೋಣ" ಎಂದರು. ಬರೆಯುತ್ತಿದ್ದೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಬುದ್ಧಿ ಹೇಳಿದವಳು ನನ್ನ ಮಗಳು ಹಿಲ್ಲೆವಿ. ಕೇಳಿಸಿಕೊಂಡು ತಲೆ ಆಡಿಸಿ, ಮೂರೇ ದಿನದಲ್ಲಿ ಅದನ್ನು ಗಾಳಿಗೆ ತೂರಿದವರು ಇಬ್ಬರು. ಒಬ್ಬ ನನ್ನಣ್ಣ ಹೆಲ್ಮರ್. ಇನ್ನೊಬ್ಬಳು ನಾನು.

ಹೋದ ವರ್ಷ ಅಣ್ಣನಿಗೆ ಎಪ್ಪತ್ತಾರು, ನನಗೆ ಎಪ್ಪತ್ತಮೂರು. ಅವನ ಮನೆ ನನ್ನ ಬೇಲಿಯ ಆಚೆಗೇ ಇದೆ. ಐವತ್ತು ವರ್ಷ ಅವನು ಊರಿನ ಬೇಟೆ ತಂಡದಲ್ಲಿದ್ದ. ಅಕ್ಟೋಬರಿನಲ್ಲಿ ಮೂಸ್ ಬೇಟೆ ಶುರುವಾಯಿತೆಂದರೆ ಅವನಿಗೆ ಊಟ ನಿದ್ದೆ ಬೇಕಿರಲಿಲ್ಲ. ಅವನ ಜೊತೆಗೆ ರಾಪ್ ಎಂಬ ಬೂದು ಬಣ್ಣದ ಬೇಟೆನಾಯಿ. ಮೂಸ್ ಕಂಡರೆ ಅದರ ಮುಂದೆ ನಿಂತು ಸುತ್ತು ಹಾಕುತ್ತಾ ಬೊಗಳುವುದೇ ಈ ನಾಯಿಗಳ ಕೆಲಸ. ಮೂಸ್ ನಾಯಿಯನ್ನೇ ದಿಟ್ಟಿಸುತ್ತಾ ನಿಂತುಬಿಡುತ್ತದೆ. ಅಷ್ಟರಲ್ಲಿ ಬೇಟೆಗಾರ ಹತ್ತಿರ ಬರುತ್ತಾನೆ.

ಹೋದ ಚಳಿಗಾಲದ ಹಿಂದಿನ ಚಳಿಗಾಲ ಅಣ್ಣನ ಕಣ್ಣಿಗೆ ರೋಗ ಬಂತು. ಕಣ್ಣಿನ ನಡುಭಾಗ ಸವೆಯುತ್ತಿದೆ, ಔಷಧವಿಲ್ಲ, ಅಂಚಿನ ನೋಟ ಮಾತ್ರ ಉಳಿಯುತ್ತದೆ ಎಂದರು ಪಟ್ಟಣದ ಡಾಕ್ಟರು. ಅಂದರೆ ಏನೆಂದು ನನಗೆ ಆಗ ಅರ್ಥವಾಗಲಿಲ್ಲ. ಹೋದ ವರ್ಷ ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಅವನು ನನ್ನ ಅಡುಗೆಮನೆಗೆ ಬಂದು ಕೂತ. ನಾನು ನಮ್ಮ ಸೀಮೆಯ ರೂಢಿಯಂತೆ ಲೋಟಕ್ಕೆ ಚೀಸಿನ ತುಂಡು ಹಾಕಿ ಮೇಲೆ ಬಿಸಿ ಕಾಫಿ ಸುರಿದು ಕೊಟ್ಟೆ. ಅವನು ಕುಡಿಯಲಿಲ್ಲ, ನನ್ನ ಕಡೆ ನೋಡುತ್ತಾ ಕೂತ.

"ಸಿಗ್ನೆ, ನಿನ್ನ ಕಿವಿ ಕಾಣುತ್ತೆ, ಹೆಗಲು ಕಾಣುತ್ತೆ. ಮುಖ ಕಾಣಲ್ಲ ಕಣೇ."

"ದೊಡ್ಡ ನಷ್ಟ ಏನಿಲ್ಲ ಬಿಡು. ಎಪ್ಪತ್ಮೂರು ವರ್ಷ ನೋಡಿದ್ದು ಸಾಲ್ದಾ?" ಎಂದೆ. ನಗಲಿ ಎಂದು ಹೇಳಿದ್ದು, ಅವನು ನಗಲಿಲ್ಲ.

"ನಿನ್ನ ಮುಖ ಬಾಯಿಪಾಠ ಆಗಿದೆ. ನಂಗೆ ಇನ್ನೊಂದು ಮುಖ ನೋಡ್ಬೇಕು. ಪೂರ್ತಿ ಕತ್ತಲಾಗೋದ್ರೊಳಗೆ ಒಂದೇ ಒಂದ್ಸಲ."

"ಯಾರದಪ್ಪಾ ಅದು? ಅರವತ್ತಕ್ಕೆ ಅರಳುಮರಳು ಅಂತಾರೆ, ನಿಂಗೆ ಎಪ್ಪತ್ತಾರಕ್ಕೆ ಬಂತಾ?"

"ಹಟ್ಟಿ ಬೇಲಿ ಹತ್ರ ಬಂದಿದ್ಳಲ್ಲ, ಅವಳದು."

ಹೆಚ್ಚು ಹೇಳಬೇಕಾಗಿರಲಿಲ್ಲ. ನನಗೆ ತಿಳಿಯಿತು.

ನಾವು ಚಿಕ್ಕವರಿದ್ದಾಗ ಅಮ್ಮ ಬೇಸಿಗೆ ಪೂರ್ತಿ ಹಸುಗಳನ್ನು ಹೊಡೆದುಕೊಂಡು ಮೇಲಿನ ಹಟ್ಟಿಗೆ ಹೋಗುತ್ತಿದ್ದಳು. ಊರಿನಿಂದ ಎರಡು ಗಂಟೆಯ ನಡಿಗೆ. ಎರಡೇ ಕೋಣೆಯ ಮರದ ಮನೆ, ಸುತ್ತ ಬೇಲಿ, ಕೆಳಗೆ ಉದ್ದ ಜೌಗು. ಸಂಜೆ ಬೆಳಿಗ್ಗೆ ಅಮ್ಮ ಬಂಡೆಯ ಮೇಲೆ ನಿಂತು ಎತ್ತರದ ಗಂಟಲಿನಲ್ಲಿ ರಾಗ ಎಳೆದು ಕರೆದರೆ ಸಾಕು, ಕಾಡಿನ ಯಾವ ಮೂಲೆಯಲ್ಲಿದ್ದರೂ ಹಸುಗಳು ಗಂಟೆ ಅಲ್ಲಾಡಿಸುತ್ತಾ ಬರುತ್ತಿದ್ದವು. ಒಂದು ಬೆಳಿಗ್ಗೆ ಹಸುಗಳ ಸಾಲಿನ ಕೊನೆಗೆ ಒಬ್ಬಳು ಹೆಚ್ಚಿಗೆ ಬಂದಳು. ಮೂಸ್! ಕುದುರೆಗಿಂತ ಎತ್ತರ, ಕಡ್ಡಿ ಕಾಲು, ಉದ್ದ ಮೂತಿ. ಹಿಂದೆ ಇಟ್ಟಿಗೆ ಬಣ್ಣದ ಎರಡು ಕರು. ನೇರ ಬೇಲಿಯ ಹತ್ತಿರಕ್ಕೇ ಬಂದು ನಿಂತಳು. ನನಗೆ ಆರು ವರ್ಷ, ಅಣ್ಣನಿಗೆ ಒಂಬತ್ತು. ಅಮ್ಮ ನಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟು, "ಅಲ್ಲಾಡ್ಬೇಡಿ. ಬಾಣಂತಿ ಬಂದಿದ್ದಾಳೆ" ಎಂದು ಪಿಸುಗುಟ್ಟಿದಳು.

ಒಳಗೆ ಒಲೆಯ ಮೇಲೆ ಹಾಲು ಕಾಯುವ ವಾಸನೆ. ಹುಲ್ಲಿನ ಮೇಲೆ ಇಬ್ಬನಿ. ಆ ಮೂಸಿನ ಗದ್ದದ ಕೆಳಗೆ ಜೋಲುವ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳ ರೆಪ್ಪೆಗಳು ಕೆಂಚಗಿದ್ದವು. ನಮ್ಮನ್ನು ನೋಡಿದಳು, ಸಾಕಾದಷ್ಟು ನೋಡಿದಳು, ತಿರುಗಿ ಹೋದಳು. ಅಮ್ಮ ತೀರಿಕೊಂಡು ಮೂವತ್ತು ವರ್ಷವಾಯಿತು. ಹಟ್ಟಿ ಬಿದ್ದು ಒಲೆಯ ಕಲ್ಲು ಮಾತ್ರ ಉಳಿದಿದೆ. ಈಗಲೂ ಅಮ್ಮನನ್ನು ನೆನೆದರೆ ನನಗೆ ತಲೆಯ ಮೇಲೆ ಆ ಕೈಯ ಭಾರ ತಿಳಿಯುತ್ತದೆ.

"ಐವತ್ತು ವರ್ಷ ಬೇಟೆ ಆಡ್ದವ್ನು ನೀನು, ಅಣ್ಣ. ಮೂಸ್ ಮುಖ ನೋಡಿಲ್ವಾ?" ಎಂದು ಕೇಳಿದೆ.

"ಬೇಟೇಲಿ ಮುಖ ಯಾರೇ ನೋಡ್ತಾರೆ? ಹೆಗಲ ಹಿಂದೆ ನೋಡ್ತೀವಿ," ಎಂದ. "ಗುಂಡು ಹೋಗೋದು ಅಲ್ಲಿಗೆ."

ಅವನ ಯೋಜನೆ ಸರಳವಾಗಿತ್ತು. ಉದ್ದ ಜೌಗಿಗೆ ನಡೆದು ಹೋಗುವುದು. ಕರು ಹಾಕಿದ ಮೂಸ್ ಇದ್ದೇ ಇರುತ್ತದೆ. ಹತ್ತಿರದಿಂದ ಮುಖದ ಪಟ ತೆಗೆಯುವುದು. ಆಮೇಲೆ ಅದನ್ನು ಮೇಜಿನಷ್ಟು ದೊಡ್ಡದು ಮಾಡಿಸಿ, ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡುವುದು. ದೊಡ್ಡದು ಮಾಡಿದರೆ ಅಂಚಿನ ನೋಟಕ್ಕೂ ಸ್ವಲ್ಪ ಸ್ವಲ್ಪವೇ ಸಿಗುತ್ತದೆ ಎಂದು ಡಾಕ್ಟರೇ ಹೇಳಿದ್ದರು.

ಭಾನುವಾರ ಹಿಲ್ಲೆವಿ ಬಂದಳು. ಅವಳು ಅರಣ್ಯದ ಕೆಲಸದವಳು. ಹಿಮ ಕರಗಿದ ಮೇಲೆ ಕಾಡಿನಲ್ಲಿ ಅಳೆದ ಜಾಗಗಳಲ್ಲಿ ಮೂಸಿನ ಹಿಕ್ಕೆ ಎಣಿಸುವುದೂ ಅವಳ ಕೆಲಸಗಳಲ್ಲಿ ಒಂದು. ಹಿಕ್ಕೆ ಎಷ್ಟೆಂದು ತಿಳಿದರೆ ಮೂಸ್ ಎಷ್ಟಿವೆ ಎಂದು ಲೆಕ್ಕ ಸಿಗುತ್ತದಂತೆ. ನಾನು ಬಾಯಿ ತಡೆಯಲಾರದೆ ಅವಳಿಗೆ ಅಣ್ಣನ ಯೋಜನೆ ಹೇಳಿಬಿಟ್ಟೆ.

"ಮಾವ, ಬೇಡ," ಎಂದಳು ಅವಳು. "ಈಗ ಕರು ಹಾಕಿ ವಾರವೂ ಆಗಿಲ್ಲ. ಈ ಹೊತ್ತಲ್ಲಿ ಹತ್ರ ಹೋಗೋದು ಅಂದ್ರೆ ಬಾಣಂತಿ ಕೋಣೆಗೆ ಬೂಟು ಹಾಕ್ಕೊಂಡು ನುಗ್ಗಿದ ಹಾಗೆ."

"ಹಿಕ್ಕೆ ಎಣಿಸೋರು ನಂಗೆ ಮೂಸ್ ಪಾಠ ಹೇಳ್ತೀರೇನೇ?" ಎಂದು ಅಣ್ಣ ನಕ್ಕ. "ನೀನು ತೊಟ್ಟಿಲಲ್ಲಿದ್ದಾಗ್ಲೇ ನಾನು ಮೂಸ್ ಎದುರು ಇಪ್ಪತ್ತು ಹೆಜ್ಜೇಲಿ ನಿಂತಿದ್ದೆ. ರಾಪ್ ನನ್ ಜೊತೆ ಬರ್ತಾನೆ. ಅವನು ಬೊಗಳಿ ನಿಲ್ಲಿಸ್ತಾನೆ, ನಾನು ಹತ್ರ ಹೋಗ್ತೀನಿ. ಬಂದೂಕಿನ ಜಾಗದಲ್ಲಿ ಕ್ಯಾಮೆರಾ. ಅಷ್ಟೇ ವ್ಯತ್ಯಾಸ."

ಹಿಲ್ಲೆವಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ನಾಯಿನಾ? ಅಯ್ಯೋ ದೇವ್ರೇ! ಮಾವ, ನೀವು ಐವತ್ತು ವರ್ಷ ನೋಡಿದ್ದು ಅಕ್ಟೋಬರ್ ಮೂಸನ್ನ. ಅದರ ಕರು ಆಗ ಬೆಳೆದಿರುತ್ತೆ, ತಾಯಿ ಜೊತೆಗೇ ಓಡುತ್ತೆ. ಜೂನ್ ಮೂಸನ್ನ ನೀವು ನೋಡೇ ಇಲ್ಲ. ಅದರ ಕರುಗೆ ಇನ್ನೂ ಸರಿಯಾಗಿ ಓಡೋಕೆ ಬರಲ್ಲ, ಹುಲ್ಲಲ್ಲಿ ಮಲಗಿರುತ್ತೆ. ಹಾಗಾಗಿ ತಾಯೀನೂ ಓಡಲ್ಲ. ಅವಳ ಕಣ್ಣಿಗೆ ನಾಯಿ ಅಂದ್ರೆ ತೋಳ. ಮೈಮೇಲೇ ಬರ್ತಾಳೆ. ನಾಯಿ ಏನು ಮಾಡುತ್ತೆ ಹೇಳಿ? ಯಜಮಾನನ ಹತ್ರ ಓಡುತ್ತೆ. ಹಿಂದೆ ನಾನೂರು ಕಿಲೋ ತೂಕದ ತಾಯೀನ ಕರ್ಕೊಂಡು ಬರುತ್ತೆ."

"ರಾಪ್ ಅಂಥ ಹೇಡಿ ಅಲ್ಲ."

"ಕಾನೂನೂ ಇದೆ ಮಾವ. ಮಾರ್ಚಿಂದ ಆಗಸ್ಟ್ ಇಪ್ಪತ್ತರವರೆಗೆ ಕಾಡಲ್ಲಿ ನಾಯಿ ಸಡಿಲ ಬಿಡೋ ಹಾಗಿಲ್ಲ. ನಿಮ್ಗೇ ಗೊತ್ತು."

ಅಣ್ಣ ಕಿಟಕಿಯ ಕಡೆ ತಿರುಗಿದ. ಹಿಲ್ಲೆವಿ ಪಾಪ, ಸೋಲಲಿಲ್ಲ. ಎದ್ದು ಬಂದು ಅವನ ಪಕ್ಕ ನಿಂತಳು. "ಇಲ್ನೋಡಿ, ಕೈ ಮುಂದಕ್ಕೆ ಚಾಚಿ ಹೆಬ್ಬೆರಳು ಎತ್ತಿ. ಒಂದು ಕಣ್ಣು ಮುಚ್ಚಿ. ಹೆಬ್ಬೆರಳಿನ ಹಿಂದೆ ಮೂಸ್ ಪೂರ್ತಿ ಮರೆಯಾದ್ರೆ ದೂರ ಸರಿಯಾಗಿದೆ ಅಂತ. ಆಚೆ ಈಚೆ ಇಣುಕಿದ್ರೆ ಹಿಂದಕ್ಕೆ ಸರೀಬೇಕು."

"ನಂಗೆ ಹೆಬ್ಬೆರಳೇ ಕಾಣಲ್ವಲ್ಲೇ ಮಗಳೇ," ಎಂದ ಅಣ್ಣ.

ಹಿಲ್ಲೆವಿ ಅವನ ಕೈ ಹಿಡಿದುಕೊಂಡು ಹೇಳಿದಳು: "ಮುಂದಿನ ವಾರ ನಂಗೆ ರಜೆ. ಬೇಟೆ ಗೋಪುರ ಹತ್ತಿ ಕೂರೋಣ. ಅಲ್ಲಿಂದ ಜೌಗು ಪೂರ್ತಿ ಕಾಣುತ್ತೆ, ಗಾಳಿಯೂ ನಮ್ಮ ವಾಸನೆ ಅತ್ತ ಒಯ್ಯಲ್ಲ. ಉದ್ದ ಲೆನ್ಸ್ ತರ್ತೀನಿ. ರೆಪ್ಪೆ ಕೂಡ ಎಣಿಸೋ ಹಾಗೆ ಪಟ ತೆಗೆದುಕೊಡ್ತೀನಿ, ಮಾವ."

"ಮುಂದಿನ ವಾರ ನಿನ್ನ ಕಣ್ಣಿಗಿದೆ," ಎಂದ ಅಣ್ಣ. "ನನ್ನ ಕಣ್ಣಿಗೆ ಇದೆಯೋ ಇಲ್ವೋ."

ಆಗಲಿ ಬಿಡು, ಮುಂದಿನ ವಾರ ನೋಡೋಣ ಎಂದು ನಾನು ಮಾತು ಮುಗಿಸಿದೆ. ಹಿಲ್ಲೆವಿ ನಂಬಿ ಹೋದಳು. ಬುಧವಾರ ಬೆಳಿಗ್ಗೆ ಅಣ್ಣ ನನ್ನ ಬಾಗಿಲು ತಟ್ಟಿದಾಗ ನಾನಾಗಲೇ ಬೂಟು ಹಾಕಿಕೊಂಡಿದ್ದೆ. ಚಪ್ಪಟೆ ರೊಟ್ಟಿಗೆ ಬೆಣ್ಣೆ ಹಚ್ಚಿ ಸುತ್ತಿಟ್ಟಿದ್ದೆ, ಕಾಫಿ ಕಾಯಿಸುವ ಕಪ್ಪು ಕೆಟಲ್ ಚೀಲಕ್ಕೆ ಹಾಕಿದ್ದೆ. ಅವನೊಬ್ಬನನ್ನು ದೂರಿ ನಾನು ಒಳ್ಳೆಯವಳಾಗಲಾರೆ. ನನಗೂ ಆ ಮುಖ ಬೇಕಾಗಿತ್ತು.

ಬೆಳಗಿನ ಐದು ಗಂಟೆ. ಸೂರ್ಯ ಆಗಲೇ ಮೇಲಿದ್ದ. ಅಣ್ಣನ ಒಂದು ಕೈಯಲ್ಲಿ ರಾಪ್‌ನ ಹಗ್ಗ, ಇನ್ನೊಂದು ಕೈ ನನ್ನ ಹೆಗಲ ಮೇಲೆ. ದಾರಿಯುದ್ದಕ್ಕೂ ಹಳೆಯದೇ ಮಾತು. ಇಲ್ಲಿ ಅಮ್ಮ ಬೆಣ್ಣೆಯ ಡಬ್ಬಿ ಬೀಳಿಸಿದ್ದು, ಇಲ್ಲಿ ನೀನು ಇರುವೆ ಗೂಡಿನ ಮೇಲೆ ಕೂತು ಅತ್ತಿದ್ದು, ಈ ಬುಗ್ಗೆಯ ನೀರಿಗೆ ಕಬ್ಬಿಣದ ರುಚಿ. ಅವನಿಗೆ ಒಂದು ಕಲ್ಲೂ ಕಾಣುತ್ತಿರಲಿಲ್ಲ, ಒಂದು ಕಲ್ಲನ್ನೂ ತಪ್ಪಾಗಿ ಹೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಾನು ಅಷ್ಟು ಸುಖವಾಗಿ ನಡೆದೆ.

ಹಟ್ಟಿಯ ಒಲೆಗಲ್ಲಿನ ಹತ್ತಿರ ಬಂದಾಗ ನನಗೆ ಅವಳು ಕಂಡಳು. ಜೌಗಿನ ನಡುವಿನ ನೀರಿನಲ್ಲಿ, ಸುಮಾರು ಇನ್ನೂರು ಹೆಜ್ಜೆ ದೂರದಲ್ಲಿ, ತಲೆ ಮುಳುಗಿಸಿ ಎತ್ತಿ ನೀರಿನ ಸೊಪ್ಪು ಮೇಯುತ್ತಿದ್ದಳು. ದಡದಲ್ಲಿ ಒಂದು ಕರು.

"ಎಲ್ಲೇ? ಎಲ್ಲಿ?"

"ಆ ಒಣಮರದ ಎಡಕ್ಕೆ. ತಲೆ ಎತ್ತಿದ್ಳು ನೋಡು ಈಗ."

ಅಣ್ಣ ಮುಖ ಆಚೆ ಈಚೆ ತಿರುಗಿಸಿ, ಅಂಚಿನಿಂದ ಹುಡುಕಿದ. "ಏನೋ ಕಂದು ಬಣ್ಣ ಅಲ್ಲಾಡ್ತಿದೆ. ಅಷ್ಟೇ." ಅವನು ಕಣ್ಣುಜ್ಜಿಕೊಂಡ. "ಇಷ್ಟು ದೂರದಿಂದ ನಂಗೆ ಆಗಲ್ಲ ಕಣೇ ಸಿಗ್ನೆ."

ಅವನು ಬಗ್ಗಿ ಹಗ್ಗ ಬಿಚ್ಚಿದ. ಬೇಡ ಎನ್ನಬೇಕಿತ್ತು ನಾನು. ಎನ್ನಲಿಲ್ಲ.

ಒಂದು ನಿಮಿಷ ಎಲ್ಲವೂ ಅಣ್ಣ ಹೇಳಿದ ಹಾಗೇ ನಡೆಯಿತು. ರಾಪ್ ಹೋಗಿ ಬೊಗಳಿದ. ಮೂಸ್ ಮೇಯುವುದು ನಿಲ್ಲಿಸಿ ದಡಕ್ಕೆ ಬಂದು ನಿಂತಿತು. "ನಿಂತ್ಳಾ? ನಿಂತ್ಳು ತಾನೆ?" ಎನ್ನುತ್ತಾ ಅಣ್ಣ ಕ್ಯಾಮೆರಾ ಎತ್ತಿಕೊಂಡು ಜೌಗಿನ ಮೇಲೆ ಹಾಸಿದ ಹಲಗೆ ದಾರಿಯಲ್ಲಿ ಬೊಗಳುವ ಸದ್ದಿನ ಕಡೆಗೆ ನಡೆದ. ನಾನು ಹಿಂದೆ ಹಿಂದೆಯೇ ಹೋದೆ. ನೂರೈವತ್ತು ಹೆಜ್ಜೆ, ನೂರು, ಎಂಬತ್ತು. ಆಗ ಅವಳ ಕಿವಿಗಳು ಹಿಂದಕ್ಕೆ ಅಂಟಿದವು. ಕತ್ತಿನ ಮೇಲಿನ ಕೂದಲು ಸೆಟೆದು ನಿಂತಿತು. ನಾಲಗೆಯಿಂದ ತುಟಿ ಸವರಿಕೊಂಡಳು. ಇದೆಲ್ಲಾ ಏನೆಂದು ನನಗೆ ತಿಳಿದಿರಲಿಲ್ಲ. ಈಗ ತಿಳಿದಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವಳು ನುಗ್ಗಿದಳು. ರಾಪ್ ಎರಡು ಸಲ ತಪ್ಪಿಸಿಕೊಂಡ. ಮೂರನೆಯ ಸಲ ಮುಂಗಾಲಿನ ಏಟು ಅವನ ಹಿಂಗಾಲಿಗೆ ಬಿತ್ತು. ಕಿರುಚಿಕೊಂಡು ಮೂರೇ ಕಾಲಲ್ಲಿ ಓಡಿ ಬಂದ. ಎಲ್ಲಿಗೆ? ಹಿಲ್ಲೆವಿ ಹೇಳಿದ್ದ ಕಡೆಗೇ. ಅಣ್ಣನ ಕಡೆಗೆ.

ಅಣ್ಣನಿಗೆ ಅವಳು ಬರುತ್ತಿರುವುದು ಕಾಣಲಿಲ್ಲ. ಕ್ಯಾಮೆರಾ ಹಿಡಿದು, "ರಾಪ್ ಯಾಕೆ ಬೊಗಳ್ತಿಲ್ಲ?" ಎಂದು ಕೇಳುತ್ತಾ ನಿಂತಿದ್ದ. "ಮರ! ಮರದ ಹಿಂದೆ ಬಾರೋ!" ಎಂದು ಕೂಗಿ ಅವನ ಅಂಗಿ ಹಿಡಿದು ಎಳೆದೆ. ದಡದ ಅಂಚಿನಲ್ಲಿ ಎರಡು ಆಳು ತಬ್ಬುವಷ್ಟು ದಪ್ಪದ ಹಳೆಯ ಪೈನ್ ಮರವಿತ್ತು. ಅದರ ಹಿಂದೆ ಬಿದ್ದೆವು. ಅವಳ ಗೊರಸು ಮರಕ್ಕೆ ಬಡಿಯಿತು, ತೊಗಟೆಯ ಚಕ್ಕೆಗಳು ನನ್ನ ತಲೆಯ ಮೇಲೆ ಉದುರಿದವು. ಉಸಿರಿನ ಬಿಸಿ ಕೂಡ ತಿಳಿಯಿತು. ಆಮೇಲೆ ಅವಳು ನಮ್ಮನ್ನು ಬಿಟ್ಟು, ಕುಂಟುತ್ತಾ ಊರ ಕಡೆ ಓಡುತ್ತಿದ್ದ ರಾಪ್‌ನ ಹಿಂದೆ ಹೋದಳು. ದಡದಲ್ಲಿದ್ದ ಕರು ಅವಳ ಹಿಂದೆ ಓಡಿತು.

ನಾನು ಎದೆ ಹಿಡಿದುಕೊಂಡು ಕೂತಿದ್ದೆ. ಅಣ್ಣ ಮಂಡಿಯೂರಿ ಅಲ್ಲಾಡದೆ ಕೂತಿದ್ದ. ಪೆಟ್ಟಾಯಿತೇನೋ ಎಂದು ತಿರುಗಿದೆ.

"ಸಿಗ್ನೆ," ಎಂದು ಅವನು ಪಿಸುಗುಟ್ಟಿದ. "ಮುಖ ಕಾಣ್ತಿದೆ ಕಣೇ."

ಅವನಿಂದ ಒಂದು ಮೊಳ ದೂರದಲ್ಲಿ, ಬೆರಿ ಹಣ್ಣಿನ ಪೊದೆಯಲ್ಲಿ, ಎರಡನೆಯ ಕರು ಮಲಗಿತ್ತು. ಗದ್ದವನ್ನು ನೆಲಕ್ಕೆ ಒತ್ತಿ, ಕಿವಿ ಮಡಚಿ, ಕಲ್ಲಿನ ಹಾಗೆ. ಅಣ್ಣ ತಲೆ ಓರೆ ಮಾಡಿ ಕಣ್ಣಿನ ಅಂಚಿನಿಂದ ನೋಡುತ್ತಿದ್ದ. ಅಷ್ಟು ಹತ್ತಿರ, ಅಷ್ಟು ಬೆಳಕು. "ರೆಪ್ಪೆ ಕೆಂಚಗಿದೆ," ಎಂದ. "ಮೂಗು ಒದ್ದೆ ಇದೆ." ಅವನು ಅಳುತ್ತಿದ್ದ. ಇನ್ನೂ ಸರಿಯಾಗಿ ಕಾಣಲೆಂದು ಮಂಡಿಯ ಮೇಲೆ ಒಂದಿಷ್ಟು ಮುಂದಕ್ಕೆ ಸರಿದ.

ಅಷ್ಟು ಸಾಕಾಯಿತು. ಕರು ತಟ್ಟನೆ ಎದ್ದಿತು. ನಾಲ್ಕೂ ಕಾಲು ನಡುಗುತ್ತಿದ್ದವು. ಒಮ್ಮೆ ಸಣ್ಣಗೆ ಕೂಗಿ, ನಮ್ಮಿಂದ ದೂರಕ್ಕೆ, ಇಳಿಜಾರಿನಲ್ಲಿ ಬಿದ್ದು ಎದ್ದು ಓಡಿತು.

"ಎತ್ಲಾಗೆ ಹೋಯ್ತು?"

"ಹೊಳೆ ಕಡೆ."

"ತಾಯಿ?"

"ಊರ ಕಡೆ."

ಕೆಳಗೆ ಹಿಮ ಕರಗಿದ ನೀರಿನಿಂದ ಹೊಳೆ ಭೋರ್ಗರೆಯುವುದು ಇಬ್ಬರಿಗೂ ಕೇಳುತ್ತಿತ್ತು. ಅಣ್ಣ ಎದ್ದು ನಿಂತ. "ಹೋಗಿ ಹಿಡಿಯೋಣ. ಎತ್ಕೊಂಡು ಬಂದು ಇಲ್ಲೇ ಮಲಗಿಸೋಣ."

"ನಾವು ಬೆನ್ನು ಹತ್ತಿದಷ್ಟೂ ಅದು ಮುಂದೆ ಓಡುತ್ತೆ ಅಣ್ಣ. ನೀರಿಗೇ ಬೀಳುತ್ತೆ. ಬಾ ಇಲ್ಲಿಂದ. ನಾವಿರೋವರೆಗೆ ತಾಯಿ ಬರಲ್ಲ."

ಅವನ ಕ್ಯಾಮೆರಾದಲ್ಲಿ ಒಂದು ಪಟವೂ ಇರಲಿಲ್ಲ. ಜೌಗನ್ನು ದೂರದಿಂದ ಬಳಸಿಕೊಂಡು ಮೂರು ಗಂಟೆ ನಡೆದು ಮನೆ ಸೇರಿದೆವು. ಅಣ್ಣ ದಾರಿಯಲ್ಲಿ ಒಂದು ಕಲ್ಲಿನ ಹೆಸರನ್ನೂ ಹೇಳಲಿಲ್ಲ. ರಾಪ್ ನಮಗಿಂತ ಮೊದಲೇ ಬಂದು ಜಗಲಿಯ ಕೆಳಗೆ ಮಲಗಿದ್ದ. ಅವನ ಕಾಲಿಗೆ ಪಟ್ಟಿ ಕಟ್ಟಿಸಬೇಕಾಯಿತು. ಈಗಲೂ ಕುಂಟುತ್ತಾನೆ.

ಅಣ್ಣ ತಾನೇ ಹಿಲ್ಲೆವಿಗೆ ಫೋನ್ ಮಾಡಿ ಕರೆಸಿ, ಏನನ್ನೂ ಮುಚ್ಚಿಡದೆ ಹೇಳಿದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಪೂರ್ತಿ ಕೇಳಿಸಿಕೊಂಡು, "ತಾಯಿ ಕೆಲವು ದಿನ ಅಲ್ಲೇ ಸುತ್ತುತ್ತಾಳೆ, ಕರೀತಾಳೆ. ಜನರ ವಾಸನೆ, ನಾಯಿ ವಾಸನೆ ಇಲ್ದಿದ್ರೆ ಕರು ಹುಡುಕ್ಕೊಂಡು ಬರಬಹುದು. ಯಾರೂ ಅತ್ತ ಹೋಗ್ದೇ ಇರೋ ಹಾಗೆ ನೋಡ್ಕೋಬೇಕು," ಎಂದಳು. ಅವತ್ತೇ ದಾರಿಯ ಬಾಯಲ್ಲಿ, ಈ ಕಡೆ ಬರಬೇಡಿ ಎಂದು ಬರೆದ ಹಲಗೆ ನಿಲ್ಲಿಸಿದಳು. ನಾಲ್ಕು ದಿನ ಅಣ್ಣ ಆ ಹಲಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಬಂದವರಿಗೆಲ್ಲಾ, "ಇವತ್ತು ಬೇಡ, ಆ ಕಡೆಯ ದಾರೀಲಿ ಹೋಗಿ," ಎಂದು ಬೇಡಿಕೊಂಡ. ನಮ್ಮ ಬೇಟೆ ತಂಡದವನೊಬ್ಬ, "ಏನೋ ಹೆಲ್ಮರ್, ಮೂಸ್‌ಗೆ ಕಾವಲುಗಾರ ಆದ್ಯಾ?" ಎಂದು ಕಿಚಾಯಿಸಿದ. "ಹೂಂ ಕಣೋ, ಆದೆ," ಎಂದ ಅಣ್ಣ.

ಐದನೆಯ ದಿನ ಗಾಳಿ ನೋಡಿಕೊಂಡು ಹಿಲ್ಲೆವಿ ನಮ್ಮಿಬ್ಬರನ್ನೂ ಗೋಪುರಕ್ಕೆ ಹತ್ತಿಸಿದಳು. ಜೌಗಿನ ಅಂಚಿನಿಂದ ಇನ್ನೂರು ಹೆಜ್ಜೆ ದೂರ. ಬೆಳಿಗ್ಗೆ ಆರಕ್ಕೆ ಅವಳು ಬಂದಳು. ಅದೇ ತಾಯಿ. ಹಿಲ್ಲೆವಿ ಉದ್ದ ಲೆನ್ಸ್ ತಿರುಗಿಸಿದಳು, ಕ್ಯಾಮೆರಾ ಮೆಲ್ಲಗೆ ಕಟಕಟ ಎಂದಿತು.

"ಎಷ್ಟು ಕರು?" ಎಂದ ಅಣ್ಣ. ಮುಖದ ಬಗ್ಗೆ ಕೇಳಲಿಲ್ಲ.

ಹಿಲ್ಲೆವಿ ನನ್ನನ್ನು ನೋಡಿದಳು. "ಒಂದು, ಮಾವ."

"ಸರಿಯಾಗಿ ನೋಡೇ. ಹುಲ್ಲಲ್ಲಿ ಮಲಗಿರುತ್ತೆ."

ನೋಡಿದೆವು. ಎಂಟು ಗಂಟೆಯಾಯಿತು, ಹತ್ತಾಯಿತು, ಮಧ್ಯಾಹ್ನವಾಯಿತು. ಒಂದೇ ಕರು ನೀರಿನಲ್ಲಿ ಆಡಿತು, ಒಂದೇ ಕರು ಹಾಲು ಕುಡಿಯಿತು. ತಾಯಿ ಆಗಾಗ ಮೇಯುವುದು ಬಿಟ್ಟು ತಲೆ ಎತ್ತಿ, ಎರಡೂ ಕಿವಿಯನ್ನು ಹೊಳೆಯ ಕಡೆ ತಿರುಗಿಸಿ, ಗಂಟಲೊಳಗಿಂದ ಸಣ್ಣಗೆ ಸದ್ದು ಮಾಡುತ್ತಿದ್ದಳು. ಗಾಳಿಯಲ್ಲಿ ಅದು ನಮ್ಮವರೆಗೂ ಬರುತ್ತಿತ್ತು.

"ಕರೀತಿದ್ದಾಳೆ," ಎಂದ ಅಣ್ಣ.

"ಕರಡಿಯೂ ಇದೆ ಮಾವ ಈ ಕಾಡಲ್ಲಿ," ಎಂದಳು ಹಿಲ್ಲೆವಿ. "ಎಷ್ಟೋ ಕರು ಬೇಸಿಗೆ ದಾಟೋದೇ ಇಲ್ಲ. ನೀವು ಇಲ್ದಿದ್ರೂ ಹೀಗೆ ಆಗಬಹುದಿತ್ತು."

"ಆಗಬಹುದಿತ್ತು," ಎಂದ ಅಣ್ಣ. "ಆದ್ರೆ ನಾನಿದ್ದೆ."

ಹಿಲ್ಲೆವಿ ಮಾತು ತಪ್ಪಲಿಲ್ಲ. ಮೇಜಿನಷ್ಟು ದೊಡ್ಡ ಪಟ ಮಾಡಿಸಿ ತಂದಳು. ನಾವು ಅದನ್ನು ನನ್ನ ಅಡುಗೆಮನೆಯ ಕಿಟಕಿಯ ಕೆಳಗೆ ಹಾಸಿದೆವು. ಅಣ್ಣ ಭೂತಗನ್ನಡಿ ಹಿಡಿದು, ಮೂಗು ತಾಗುವಷ್ಟು ಬಗ್ಗಿ, ತುಂಡು ತುಂಡಾಗಿ ನೋಡಿದ. ಮೂತಿ ನೋಡಿದ. ಗಡ್ಡದ ತುದಿಯ ನೀರ ಹನಿ ನೋಡಿದ. ಕೆಂಚು ರೆಪ್ಪೆಗಳನ್ನು ಒಂದೊಂದಾಗಿ ನೋಡಿದ. ಇನ್ನೂರು ಹೆಜ್ಜೆಯಿಂದ ತೆಗೆದದ್ದೆಂದರೆ ಯಾರೂ ನಂಬುವಂತಿರಲಿಲ್ಲ. "ಇದೇ ಕಣೇ. ಹಟ್ಟಿ ಬೇಲಿ ಹತ್ರ ಬಂದಿದ್ಳಲ್ಲ, ಅದೇ ಮುಖ," ಎಂದ. ನಾನು ಅವನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಅವನು ಅಲ್ಲಿಗೆ ನಿಲ್ಲಿಸಲಿಲ್ಲ. ಗಾಜನ್ನು ಪಕ್ಕಕ್ಕೆ ಸರಿಸಿ ಅವಳ ಹಿಂದಿನ ಹುಲ್ಲನ್ನು ಹುಡುಕತೊಡಗಿದ. ಅಂಚಿನಿಂದ ಅಂಚಿಗೆ, ಪೂರ್ತಿ ಹುಡುಕಿದ. ನಾನು ಹೊರಗೆ ಹೋಗಿ ಅತ್ತೆ.

"ಅವತ್ತು ಅಮ್ಮ ನಮ್ಮನ್ನ ಬೇಲಿ ದಾಟೋಕೆ ಬಿಡ್ಲಿಲ್ಲ ಸಿಗ್ನೆ," ಎಂದ ಸಂಜೆ. "ಅವಳಾಗಿ ಬಂದ್ಳು, ನೋಡಿದ್ಳು, ಹೋದ್ಳು. ನಾವು ನಿಂತಲ್ಲೇ ನಿಂತಿದ್ವಿ. ಅದಕ್ಕೇ ಅದು ಅಷ್ಟು ಚೆನ್ನಾಗಿತ್ತು ಕಣೇ. ಇಷ್ಟು ವರ್ಷ ಅದನ್ನ ಮರೆತುಬಿಟ್ಟಿದ್ದೆ."

ಈ ವರ್ಷ ಮೇ ತಿಂಗಳಲ್ಲಿ ಬೇಟೆ ತಂಡದ ಸಭೆಯಲ್ಲಿ ಅಣ್ಣ ಎದ್ದು ನಿಂತ. ಈಗ ಅವನಿಗೆ ಎದುರಿಗಿರುವ ಯಾರೂ ಕಾಣುವುದಿಲ್ಲ. "ಐವತ್ತು ವರ್ಷದ ಅನುಭವ ಅಂತ ಮೆರೀತಿದ್ದೆ," ಎಂದ. "ಅಕ್ಟೋಬರ್ ಅನುಭವ ಅದು. ಜೂನಲ್ಲಿ ನಾನು ಪಟ್ಟಣದಿಂದ ಬಂದವನಿಗಿಂತ ದಡ್ಡ. ನೀವೂ ಅಷ್ಟೇ. ನಾಯಿ ಕಟ್ಟಿಹಾಕಿ." ಯಾರೂ ನಗಲಿಲ್ಲ. ಮೂವರು ಅಲ್ಲೇ ಎದ್ದು ಬಂದು ಅ​ವನ ಕೈ ಹಿಡಿದುಕೊಂಡರು.

ಈಗ ಗುಡಿಸಲಿನಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ. ಬೂಟಿನ ಲಾಡಿ ಕಟ್ಟುವ ಮೊದಲು ಈ ಮುದುಕಿಯ ಮಾತು ಕೇಳಿ. ಮೂಸನ್ನು ನೋಡಲು ಹೋಗಿ, ಖಂಡಿತ ಹೋಗಿ, ಅಷ್ಟು ಚೆಂದದ ಜೀವ ಇನ್ನೊಂದಿಲ್ಲ. ಆದರೆ ನಿಮ್ಮ ಹೆಬ್ಬೆರಳಿನ ಹಿಂದೆ ಅವಳು ಮರೆಯಾಗುವಷ್ಟು ದೂರದಲ್ಲೇ ನಿಲ್ಲಿ. ಅವಳು ಮೇಯುವುದು ನಿಲ್ಲಿಸಿ ನಿಮ್ಮನ್ನೇ ನೋಡತೊಡಗಿದರೆ ಆಗಲೇ ನೀವು ಹೆಚ್ಚು ಹತ್ತಿರ ಬಂದಿದ್ದೀರಿ ಎಂದರ್ಥ. ಕಿವಿ ಹಿಂದಕ್ಕೆ ಹೋಯಿತೋ, ಕತ್ತಿನ ಕೂದಲು ನಿಂತಿತೋ, ಪಟದ ಆಸೆ ಬಿಟ್ಟು ದಪ್ಪ ಮರದ ಹಿಂದೆ ಓಡಿ. ಬಿದ್ದುಬಿಟ್ಟರೆ ತಲೆ ಮುಚ್ಚಿಕೊಂಡು ಮುದುಡಿ, ಅವಳು ದೂರ ಹೋಗುವವರೆಗೆ ಏಳಬೇಡಿ. ನಾಯಿ ಎಷ್ಟೇ ಜಾಣನಾಗಿರಲಿ, ಹಗ್ಗ ಬಿಡಬೇಡಿ. ಮನೆಯಲ್ಲೇ ಬಿಟ್ಟು ಬಂದರೆ ಇನ್ನೂ ಒಳ್ಳೆಯದು. ಹುಲ್ಲಿನಲ್ಲಿ ಒಂಟಿ ಕರು ಕಂಡರೆ, ಅಯ್ಯೋ ಪಾಪ, ತಬ್ಬಲಿ ಎಂದು ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಪಟಕ್ಕೆಂದೂ ಬಗ್ಗಬೇಡಿ. ಅದರ ತಾಯಿ ಇದ್ದಾಳೆ. ನೀವು ಹೋಗಲಿ ಎಂದು ಕಾಯುತ್ತಿದ್ದಾಳೆ.

ಹಲಗೆ ದಾರಿ ಹಿಡಿದು ನೇರ ಹೋದರೆ ಗೋಪುರ ಸಿಗುತ್ತದೆ. ಬೆಳಗಿನ ಹೊತ್ತು ಮೇಲೆ ಒಬ್ಬ ಮುದುಕ ಕೂತಿರುತ್ತಾನೆ, ಪಕ್ಕದಲ್ಲಿ ಜಾಗ ಬಿಟ್ಟಿರುತ್ತಾನೆ. ಕೂತುಕೊಳ್ಳಿ, ಸದ್ದು ಮಾಡಬೇಡಿ. ಅವಳು ಬಂದಳೆಂದು ಸದ್ದಿನಿಂದಲೇ ಅವನಿಗೆ ತಿಳಿಯುತ್ತದೆ. ಆಗ ಅವನು ನಿಮ್ಮ ಕಡೆ ವಾಲಿ, ಎಷ್ಟು ಕರು ಎಂದು ಕೇಳುತ್ತಾನೆ. ದಯವಿಟ್ಟು ಸರಿಯಾಗಿ ಎಣಿಸಿ ಹೇಳಿ.